ಟವರ್ ಇದೆ, ನೆಟ್ ಇಲ್ಲ: ವಿದೇಶದಲ್ಲಿ ಮೊಬೈಲ್ ಡೇಟಾ ಕೈಕೊಟ್ಟಾಗ ಏನು ನೋಡಬೇಕು

ವಿಮಾನ ಇಳಿದು ಚಕ್ರ ಇನ್ನೂ ನಿಂತಿರುವುದಿಲ್ಲ, ಆಗಲೇ ಎಲ್ಲರ ಕೈಯಲ್ಲೂ ಫೋನ್. ಏರೋಪ್ಲೇನ್ ಮೋಡ್ ತೆಗೆದು ಸ್ಕ್ರೀನಿನ ಮೇಲಿನ ಮೂಲೆಯನ್ನೇ ನೋಡುತ್ತಾ ಕೂರುತ್ತಾರೆ. ಕೆಲವರಿಗೆ ಟಿಣ್ ಟಿಣ್ ಎಂದು ಮೆಸೇಜು ಸುರಿಯುತ್ತವೆ. ಇನ್ನು ಕೆಲವರ ಫೋನು ಸುಮ್ನೆ ಇರುತ್ತದೆ. ಈ ಬರಹ ಆ ಎರಡನೇ ಗುಂಪಿನವರಿಗೆ.

ನಾನೂ ಒಮ್ಮೆ ಆ ಗುಂಪಿನಲ್ಲಿದ್ದೆ. ದುಡ್ಡು ಕೊಟ್ಟು ಹಾಕಿಸಿಕೊಂಡ ಪ್ಲಾನ್ ಇತ್ತು, ನಾಲ್ಕು ಕಡ್ಡಿ ಸಿಗ್ನಲ್ ಇತ್ತು, ನೆಟ್ ಮಾತ್ರ ಇಲ್ಲ. ಗಾಬರಿಯಲ್ಲಿ ಏರ್‌ಪೋರ್ಟಿನಲ್ಲೇ ಇನ್ನೊಂದು ಸಿಮ್ ಕೊಂಡೆ. ರಾತ್ರಿ ರೂಮಿನಲ್ಲಿ ಸಮಾಧಾನವಾಗಿ ನೋಡಿದರೆ ಮೊದಲ ಪ್ಲಾನಿಗೆ ಏನೂ ಆಗಿರಲಿಲ್ಲ. ಬೇರೆ ಕಂಪನಿಯ ಟವರಿನಲ್ಲಿ ಡೇಟಾ ಬಳಸಲು ಬಿಡುವ ಡೇಟಾ ರೋಮಿಂಗ್ ಎಂಬ ಒಂದು ಗುಂಡಿ ಆಫ್ ಇತ್ತು, ಅಷ್ಟೇ. ಅಂದಿನಿಂದ ನಾನು ಪಾಲಿಸುವ ನಿಯಮ ಒಂದೇ: ಕಾರಣ ತಿಳಿಯುವ ತನಕ ಎರಡನೇ ಪ್ಲಾನ್ ಕೊಳ್ಳುವುದಿಲ್ಲ. ಕಾರಣ ಸೆಟ್ಟಿಂಗ್ಸ್‌ನಲ್ಲಿದ್ದರೆ ಹೊಸ ಪ್ಲಾನೂ ಅಲ್ಲೇ ಹೋಗಿ ಸಿಕ್ಕಿಕೊಳ್ಳುತ್ತದೆ.

## ಮೊದಲು ಸ್ಕ್ರೀನಿನ ಮೂಲೆ ನೋಡಿ

ಡಾಕ್ಟರು ನಾಲಿಗೆ ಚಾಚಿಸಿ ನೋಡುವ ಹಾಗೆ, ನೀವು ಫೋನಿನ ಮೇಲಿನ ಪಟ್ಟಿ ನೋಡಿ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

‘ನೋ ಸರ್ವಿಸ್’ ಅಥವಾ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿದ್ದರೆ, ಅಲ್ಲಿನ ಟವರು ನಿಮ್ಮ ಸಿಮ್ಮನ್ನು ಒಳಗೆ ಬಿಟ್ಟುಕೊಂಡೇ ಇಲ್ಲ. ಕಡ್ಡಿಗಳಿದ್ದು ಪಕ್ಕದಲ್ಲಿ 4ಜಿ, 5ಜಿ ಎಂಬ ಗುರುತು ಇಲ್ಲದಿದ್ದರೆ, ಒಳಗೆ ಬಿಟ್ಟಿದೆ, ಆದರೆ ಡೇಟಾದ ಬಾಗಿಲು ಮುಚ್ಚಿದೆ. 4ಜಿ ಗುರುತೂ ಇದ್ದು ಒಂದು ಪುಟವೂ ತೆರೆಯದಿದ್ದರೆ, ಬಾಗಿಲು ತೆರೆದಿದೆ, ಮುಂದಿನ ದಾರಿ ತಪ್ಪಿದೆ. ಅಥವಾ ಪ್ಯಾಕ್ ಖಾಲಿಯಾಗಿದೆ.

ಇನ್ನೊಂದು ಮಾತು. ಇಳಿದ ಮೊದಲ ಐದು ನಿಮಿಷ ಏನೂ ಮುಟ್ಟಬೇಡಿ. ಹೊಸ ದೇಶದಲ್ಲಿ ಫೋನು ತನಗೆ ಸಿಗುವ ಟವರುಗಳನ್ನೆಲ್ಲ ಒಂದೊಂದಾಗಿ ಹುಡುಕುತ್ತದೆ. ವಿಮಾನ ತುಂಬಾ ಜನ ಒಟ್ಟಿಗೇ ಅದನ್ನು ಮಾಡುತ್ತಿರುತ್ತಾರೆ. ಪಾಸ್‌ಪೋರ್ಟ್ ಸಾಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ ತಾನಾಗಿಯೇ ಸರಿಹೋಗಿರುತ್ತದೆ.

## ಲಕ್ಷಣ: ಟವರೇ ಸಿಗುತ್ತಿಲ್ಲ

ಅಗ್ಗದ ಮದ್ದು ಮೊದಲು. ಏರೋಪ್ಲೇನ್ ಮೋಡ್ ಹಾಕಿ, ಮೂವತ್ತು ಎಣಿಸಿ, ತೆಗೆಯಿರಿ. ಆಗಲಿಲ್ಲವೇ, ಫೋನ್ ಆಫ್ ಮಾಡಿ ಆನ್ ಮಾಡಿ. ಎರಡು ಸಿಮ್ ಇದ್ದರೆ ಪ್ರಯಾಣಕ್ಕೆಂದು ತಂದದ್ದು ಸೆಟ್ಟಿಂಗ್ಸ್‌ನಲ್ಲಿ ಆನ್ ಇದೆಯಾ ನೋಡಿ. ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ಇನ್‌ಸ್ಟಾಲ್ ಆಗುವುದೇ ಬೇರೆ, ಆನ್ ಆಗುವುದೇ ಬೇರೆ.

ಇನ್ನೂ ಇಲ್ಲ ಎಂದರೆ ನೆಟ್‌ವರ್ಕನ್ನು ಕೈಯಾರೆ ಆರಿಸಿ. ನೆಟ್‌ವರ್ಕ್ ಸೆಲೆಕ್ಷನ್‌ಗೆ ಹೋಗಿ ‘ಆಟೋಮ್ಯಾಟಿಕ್’ ತೆಗೆದರೆ, ಒಂದೆರಡು ನಿಮಿಷದಲ್ಲಿ ಸುತ್ತಲಿನ ಕಂಪನಿಗಳ ಪಟ್ಟಿ ಬರುತ್ತದೆ. ನಿಮ್ಮ ಪ್ಲಾನಿನ ವಿವರದಲ್ಲಿ ‘ಪಾರ್ಟ್ನರ್ ನೆಟ್‌ವರ್ಕ್’ ಎಂದು ಯಾರ ಹೆಸರಿದೆಯೋ ಅದನ್ನೇ ಒತ್ತಿ. ಪಟ್ಟಿಯಲ್ಲಿ ನಾಲ್ಕು ಹೆಸರಿದ್ದರೂ ನಿಮ್ಮ ಪ್ಲಾನಿನ ಒಪ್ಪಂದ ಒಂದೇ ಕಂಪನಿಯ ಜೊತೆ ಇರಬಹುದು. ಉಳಿದ ಮೂರೂ ನಿಮ್ಮನ್ನು ಹೊರಗೇ ನಿಲ್ಲಿಸುತ್ತವೆ. ಮನೆಗೆ ವಾಪಸಾದ ಮೇಲೆ ‘ಆಟೋಮ್ಯಾಟಿಕ್’ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ಮರೆತರೆ ಊರಿಗೆ ಬಂದ ಮೇಲೂ ಟವರಿಲ್ಲದ ಫೋನು ಹಿಡಿದು ನಿಲ್ಲುತ್ತೀರಿ.

ಪಟ್ಟಿಯೇ ಬರಲಿಲ್ಲ, ಅಥವಾ ಪಕ್ಕದವರಿಗೆ ಸಿಗುವ ನೆಟ್‌ವರ್ಕ್ ನಿಮ್ಮ ಪಟ್ಟಿಯಲ್ಲಿಲ್ಲ ಎಂದರೆ ಅನುಮಾನ ಫೋನಿನ ಮೇಲೆ ಹೋಗಬೇಕು. ಪ್ರತಿ ದೇಶದಲ್ಲೂ 4ಜಿ, 5ಜಿ ಬೇರೆ ಬೇರೆ ಬ್ಯಾಂಡುಗಳ, ಅಂದರೆ ರೇಡಿಯೊ ತರಂಗದ ಪಟ್ಟಿಗಳ ಮೇಲೆ ಓಡುತ್ತವೆ. ಏಷ್ಯಾ, ಯುರೋಪಿನಲ್ಲಿ 1800 ಮೆಗಾಹರ್ಟ್ಸ್‌ನ ಬ್ಯಾಂಡ್ 3 ತುಂಬಾ ಬಳಕೆಯಲ್ಲಿದೆ. ಅಮೆರಿಕದಲ್ಲಿ ದೂರದ ಜಾಗಗಳನ್ನು ಮುಟ್ಟುವುದು 600, 700 ಮೆಗಾಹರ್ಟ್ಸ್‌ನ ಬ್ಯಾಂಡ್ 71, 12, 13ರಂಥವು. ಬೇರೆ ಮಾರುಕಟ್ಟೆಗೆಂದು ಮಾಡಿದ ಅಗ್ಗದ ಫೋನುಗಳಲ್ಲಿ ಇವು ಇಲ್ಲದೇ ಇರಬಹುದು. ಆಗ ಪೇಟೆಯಲ್ಲಿ ನೆಟ್ ಚೆನ್ನಾಗಿರುತ್ತದೆ, ಹೆದ್ದಾರಿ ಹಿಡಿದು ಒಂದು ಗಂಟೆಯಾದರೆ ಮಾಯ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ.

ಹಳೆಯ ಫೋನಿನವರಿಗೆ ಇನ್ನೊಂದು ಪೆಟ್ಟು ಇದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಮುಗಿಯಿತು. ಇಂಥ ಕಡೆ 4ಜಿ ಮೇಲೆಯೇ ಕರೆ ಮಾಡುವ ಸೌಲಭ್ಯ, ಅಂದರೆ ವೋಎಲ್‌ಟಿಇ, ಫೋನಿಗೂ ಪ್ಲಾನಿಗೂ ಇರಬೇಕು. ಇಲ್ಲದಿದ್ದರೆ ನೆಟ್ ಓಡಿದರೂ ಮಾಮೂಲಿ ಕರೆ ಹೋಗದೇ ಇರಬಹುದು.

ಫೋನ್ ಲಾಕ್ ಆಗಿದ್ದರೂ ಹೀಗೇ ಆಗುತ್ತದೆ. ಕಂತಿನಲ್ಲಿ ಅಥವಾ ಕಂಪನಿಯ ಕಡೆಯಿಂದ ಕೊಂಡ ಫೋನು ಬೇರೆಯವರ ಸಿಮ್ ಒಪ್ಪದೇ ಇರಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಹೋದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲಿದೆ. ಅದರ ಮುಂದೆ ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಎಂದಿದ್ದರೆ ಬಚಾವ್. ಆಂಡ್ರಾಯ್ಡ್‌ನಲ್ಲಿ ಸುಲಭದ ದಾರಿ ಎಂದರೆ ಹೊರಡುವ ಮೊದಲು ಗೆಳೆಯರ ಬಳಿ ಇರುವ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದು. ಲಾಕ್ ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ತೆಗೆಯಬೇಕಾದವರು ಫೋನ್ ಕೊಟ್ಟ ಕಂಪನಿ. ಬೀದಿ ಬದಿಯಲ್ಲಿ ‘ಐದು ನಿಮಿಷದಲ್ಲಿ ಅನ್‌ಲಾಕ್’ ಎನ್ನುವವರ ಕೈಗೆ, ನಿಮ್ಮ ಬ್ಯಾಂಕು, ಫೋಟೊ ಎಲ್ಲ ಇರುವ ಫೋನು ಕೊಡಬೇಡಿ.

## ಲಕ್ಷಣ: ಕಡ್ಡಿ ತುಂಬಾ ಇದೆ, ನೆಟ್ ಮಾತ್ರ ಇಲ್ಲ

ಜಾಸ್ತಿ ಜನ ಬಂದು ನಿಲ್ಲುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಮೊದಲನೆಯದು ನಾನು ಎಡವಿದ್ದೇ: ಡೇಟಾ ರೋಮಿಂಗ್. ‘ನಾನು ರೋಮಿಂಗ್ ಬೇಡ ಅಂತಲೇ ಬೇರೆ ಇ-ಸಿಮ್ ಕೊಂಡೆ, ಅದರಲ್ಲಿ ರೋಮಿಂಗ್ ಯಾಕೆ ಆನ್ ಮಾಡಲಿ?’ ಎಂಬ ಪ್ರಶ್ನೆ ಸಹಜ. ವಿಷಯ ಏನೆಂದರೆ, ಪ್ರವಾಸಿಗರಿಗೆಂದು ಮಾರುವ ಹೆಚ್ಚಿನ ಇ-ಸಿಮ್‌ಗಳು ನೀವು ಇಳಿದ ದೇಶದವೇ ಅಲ್ಲ. ಯಾವುದೋ ಮೂರನೇ ದೇಶದ ಕಂಪನಿಯ ಸಿಮ್ ಅದು. ಅದೂ ನಿಮ್ಮ ಹಾಗೇ ಅಲ್ಲಿಗೆ ಅತಿಥಿ. ಆದ್ದರಿಂದ ಆ ಸಿಮ್ಮಿಗೆ ರೋಮಿಂಗ್ ಆನ್ ಇರಬೇಕು, ಮನೆಯ ಸಿಮ್ಮಿಗೆ ಆಫ್ ಇರಬೇಕು. ಎರಡು ಸಿಮ್ಮಿಗೂ ಬೇರೆ ಬೇರೆ ಗುಂಡಿ ಇರುತ್ತದೆ. ತಿರುವುಮುರುವು ಮಾಡಿದರೆ ನೆಟ್ಟೂ ಬರುವುದಿಲ್ಲ, ಬಿಲ್ ಬರುತ್ತದೆ.

ಎರಡನೆಯದು, ಡೇಟಾ ಯಾವ ಸಿಮ್ಮಿನದು ಎಂಬುದು. ಎರಡು ಸಿಮ್ ಇರುವ ಫೋನಿನಲ್ಲಿ ‘ಮೊಬೈಲ್ ಡೇಟಾಗೆ ಯಾವ ಸಿಮ್’ ಎಂದು ಕೇಳುವ ಜಾಗ ಒಂದಿದೆ. ಹೊಸ ಸಿಮ್ ಹಾಕಿದ್ದೀರಿ, ಫೋನಿಗೆ ಮಾತ್ರ ಹಳೆಯದರ ಮೇಲೇ ಪ್ರೀತಿ. ಬದಲಿಸಿ. ಹಾಗೇ ಐಫೋನಿನಲ್ಲಿ ‘ಅಲೋ ಸೆಲ್ಯುಲಾರ್ ಡೇಟಾ ಸ್ವಿಚಿಂಗ್’ ಎಂಬುದನ್ನು ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ಫೋನು ಡೇಟಾಗೆ ಇನ್ನೊಂದು ಸಿಮ್ಮನ್ನೂ ಬಳಸಬಹುದು.

ಮೂರನೆಯದು ಎಪಿಎನ್. ಹೆಸರು ಕೇಳಿ ಹೆದರಬೇಡಿ. ಇಂಟರ್ನೆಟ್ಟಿಗೆ ಹೋಗಲು ಯಾವ ಗೇಟಿನಿಂದ ಹೊರಡಬೇಕು ಎಂದು ಫೋನಿಗೆ ಹೇಳುವ ಒಂದು ಚಿಕ್ಕ ಪದ ಅದು. ಅನೇಕ ಸಿಮ್‌ಗಳು ಇದನ್ನು ತಾವೇ ತುಂಬಿಕೊಳ್ಳುತ್ತವೆ. ಎಲ್ಲವೂ ಅಲ್ಲ. 4ಜಿ ಗುರುತು ಇದೆ, ಪುಟ ಮಾತ್ರ ತಿರುಗುತ್ತಲೇ ಇದೆ ಎಂದರೆ ಮೊದಲ ಅನುಮಾನ ಇದರ ಮೇಲೆ. ಪ್ಲಾನ್ ಕೊಂಡಾಗ ಬಂದ ಇಮೇಲಿನಲ್ಲಿ ಎಪಿಎನ್ ಏನೆಂದು ಬರೆದಿರುತ್ತಾರೆ. ಆಂಡ್ರಾಯ್ಡ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಒಳಗೆ ‘ಆಕ್ಸೆಸ್ ಪಾಯಿಂಟ್ ನೇಮ್ಸ್’ಗೆ ಹೋಗಿ, ಹೊಸದೊಂದು ಸೇರಿಸಿ, ಅದೇ ಪದ ತುಂಬಿ, ಸೇವ್ ಮಾಡಿ, ಅದರ ಮುಂದಿನ ದುಂಡನೆಯ ಗುರುತು ಒತ್ತಿ. ಈ ಕೊನೆಯ ಒತ್ತು ಮರೆಯುವವರೇ ಹೆಚ್ಚು. ಸೇವ್ ಆಗಿರುತ್ತದೆ, ಆರಿಸಿರುವುದಿಲ್ಲ. ಅಕ್ಷರಗಳ ನಡುವೆ ಖಾಲಿ ಜಾಗ ಬಿಡಬೇಡಿ, ಮೊದಲ ಅಕ್ಷರವನ್ನು ಫೋನು ತಾನೇ ದೊಡ್ಡದು ಮಾಡಿದ್ದರೆ ಚಿಕ್ಕದು ಮಾಡಿ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟಿಲ್ಲದಿದ್ದರೆ ಆ ಜಾಗ ಖಾಲಿಯೇ ಇರಲಿ.

ಇಷ್ಟಾದ ಮೇಲೆ ಪ್ಲಾನನ್ನೇ ತಿರುಗಿಸಿ ನೋಡಿ. ಅದು ಶುರುವಾಗಿದೆಯಾ? ಕೆಲವು ಪ್ಲಾನುಗಳು ಇನ್‌ಸ್ಟಾಲ್ ಮಾಡಿದ ಕ್ಷಣದಿಂದ ದಿನ ಎಣಿಸುತ್ತವೆ. ಕೆಲವು ಅಲ್ಲಿನ ಟವರಿಗೆ ಸೇರಿದ ಮೇಲೆ ಎಣಿಸುತ್ತವೆ. ಮೊದಲನೇ ಬಗೆಯದನ್ನು ಹೊರಡುವ ವಾರದ ಮುಂಚೆಯೇ ಇನ್‌ಸ್ಟಾಲ್ ಮಾಡಿದವರಿಗೆ, ಏಳು ದಿನದ ಪ್ಲಾನು ವಿಮಾನ ಹತ್ತುವಾಗಲೇ ಮುಗಿದಿರುತ್ತದೆ. ಕೊಳ್ಳುವಾಗ ‘ವ್ಯಾಲಿಡಿಟಿ ಯಾವಾಗ ಶುರು’ ಎಂಬ ಸಾಲನ್ನು ಬೆಲೆಗಿಂತ ಮೊದಲು ಓದಬೇಕು.

ದೇಶದ ಪಟ್ಟಿಯನ್ನೂ ಓದಿ. ‘ಯುರೋಪ್’ ಎಂಬುದು ಭೂಪಟದಲ್ಲಿ ಒಂದು, ಪ್ಲಾನಿನಲ್ಲಿ ಇನ್ನೊಂದು. ಯುರೋಪಿಯನ್ ಒಕ್ಕೂಟದ ಒಳಗೆ 2017ರ ಜೂನ್ 15ರಿಂದ ಅಲ್ಲಿನ ಸಿಮ್‌ಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋದರೂ ಹೆಚ್ಚುವರಿ ರೋಮಿಂಗ್ ಶುಲ್ಕ ಇಲ್ಲ, ಅದೂ ಒಂದು ಮಿತಿಯೊಳಗೆ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ಏರ್ಪಾಟಿನಲ್ಲಿವೆ. ಸುತ್ತ ಒಕ್ಕೂಟದ ದೇಶಗಳೇ ಇದ್ದರೂ ನಡುವಿನ ಸ್ವಿಟ್ಜರ್ಲೆಂಡ್ ಇಲ್ಲ. ಬ್ರಿಟನ್ ಹೊರಗೆ ಹೋದ ಮೇಲೆ ಅಲ್ಲಿನದು ಕಂಪನಿಯ ಇಚ್ಛೆ. ರೈಲು ಆಲ್ಪ್ಸ್ ದಾಟುವಾಗ ‘ಯುರೋಪ್ ಪ್ಲಾನ್’ ಸತ್ತುಹೋದರೆ ಫೋನನ್ನು ಬೈಯಬೇಡಿ.

ಕೊನೆಯ ಅಸ್ತ್ರ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ವೈ-ಫೈ ಪಾಸ್‌ವರ್ಡುಗಳೆಲ್ಲ ಅಳಿಸಿಹೋಗುತ್ತವೆ, ಅಷ್ಟಕ್ಕೆ ಸಿದ್ಧರಿರಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ರೀಸೆಟ್ ಒತ್ತುವಾಗ ಪಕ್ಕದಲ್ಲೇ ‘ಇ-ಸಿಮ್ ಅಳಿಸು’ ಎಂಬ ಚೌಕವೂ ಇರುತ್ತದೆ. ಅದನ್ನು ಮುಟ್ಟಬೇಡಿ.

## ಲಕ್ಷಣ: ಇ-ಸಿಮ್ ಇನ್‌ಸ್ಟಾಲೇ ಆಗುತ್ತಿಲ್ಲ

ಇ-ಸಿಮ್ ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಇಲ್ಲವೆಂದೇ ಅಲ್ವಾ ಅದನ್ನು ಕೊಂಡಿದ್ದು? ಹಾಗಾಗಿ ಮನೆಯ ವೈ-ಫೈನಲ್ಲೇ ಈ ಕೆಲಸ ಮುಗಿಸಿ. ಎಷ್ಟೋ ಏರ್‌ಪೋರ್ಟುಗಳ ವೈ-ಫೈ ಒಟಿಪಿ ಕೇಳುತ್ತದೆ, ಒಟಿಪಿ ಬರಬೇಕಾದರೆ ಸಿಮ್ ಓಡಬೇಕು, ಹೀಗೆ ಚಕ್ರ ಸುತ್ತುತ್ತೀರಿ.

ಫೋನಿನಲ್ಲಿ ಇ-ಸಿಮ್ ಇದೆಯಾ ಎಂದು ತಿಳಿಯಲು *#06# ಒತ್ತಿ. ಫೋನಿನ ಗುರುತಿನ ನಂಬರಾದ ಐಎಂಇಐ ಜೊತೆಗೆ ಇಐಡಿ ಎಂಬ, ಇ-ಸಿಮ್ಮಿನ ಗುರುತಿನ ಉದ್ದದ ನಂಬರು ಕಂಡರೆ ಇದೆ. ಒಂದೇ ಹೆಸರಿನ ಫೋನು ಒಂದು ದೇಶದಲ್ಲಿ ಇ-ಸಿಮ್ ಜೊತೆ, ಇನ್ನೊಂದರಲ್ಲಿ ಇಲ್ಲದೆ ಬರುತ್ತದೆ. ಚೀನಾದ ಮಾರುಕಟ್ಟೆಗೆಂದು ಮಾಡಿದ ಬಹುತೇಕ ಐಫೋನುಗಳಲ್ಲಿ ಎರಡು ಸಿಮ್ ಕಾರ್ಡಿಗೆ ಜಾಗ ಇದೆ, ಇ-ಸಿಮ್ ಇಲ್ಲ. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ ಐಫೋನ್ 14ರಿಂದ ಈಚೆಗೆ ಸಿಮ್ ಕಾರ್ಡ್ ಹಾಕುವ ತಟ್ಟೆಯೇ ಇಲ್ಲ. ಅಂಥ ಫೋನಿನವರಿಗೆ ಅಂಗಡಿಯ ಪ್ಲಾಸ್ಟಿಕ್ ಸಿಮ್ ಉಪಯೋಗಕ್ಕೆ ಬರುವುದಿಲ್ಲ.

ಕ್ಯೂಆರ್ ಕೋಡ್ ಅದೇ ಫೋನಿನ ಸ್ಕ್ರೀನಿನಲ್ಲಿದ್ದರೆ ಸ್ಕ್ಯಾನ್ ಮಾಡುವುದು ಹೇಗೆ? ಇಮೇಲಿನ ಕೆಳಗೆ ಕೈಯಿಂದ ತುಂಬುವ ವಿಳಾಸ ಮತ್ತು ಆಕ್ಟಿವೇಶನ್ ಕೋಡ್ ಕೊಟ್ಟಿರುತ್ತಾರೆ, ಅದನ್ನು ಬಳಸಿ.

ಈಗ ಮುಖ್ಯ ಎಚ್ಚರಿಕೆ. ಓಡುತ್ತಿಲ್ಲ ಎಂದು ಇ-ಸಿಮ್ಮನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ. ಎಷ್ಟೋ ಕ್ಯೂಆರ್ ಕೋಡುಗಳು ಒಂದೇ ಸಲ ಕೆಲಸ ಮಾಡುವಂಥವು. ಅಳಿಸಿದಿರಿ ಎಂದರೆ ಪ್ಲಾನೂ ಹೋಯಿತು. ಆಫ್ ಮಾಡಿ ಆನ್ ಮಾಡಿ, ಬೇಕಾದಷ್ಟು ಸಲ. ಡಿಲೀಟ್ ಮಾತ್ರ ಮಾರಿದವರು ಹೇಳಿದರೆ ಮಾತ್ರ, ಅದೂ ಚಾಟಿನಲ್ಲಿ ಬರವಣಿಗೆಯಲ್ಲಿ ಹೇಳಿಸಿಕೊಂಡು.

## ಲಕ್ಷಣ: ನೆಟ್ ಬರುತ್ತದೆ, ಆಮೆಯ ಹಾಗೆ

ಎರಡು ಬಗೆಯ ನಿಧಾನ ಇದೆ. ಅವುಗಳ ವ್ಯತ್ಯಾಸ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ.

ಒಂದು, ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನದಿಂದ ದಿಢೀರನೆ ಸತ್ತಂತಾಯಿತು, ಮರುದಿನ ಮತ್ತೆ ಸರಿ. ಇದು ಹಾಳಾಗಿದ್ದಲ್ಲ, ಪ್ಲಾನಿನ ಷರತ್ತು. ‘ಅನ್‌ಲಿಮಿಟೆಡ್’ ಎಂದು ಮಾರುವ ಅನೇಕ ಪ್ಲಾನುಗಳಲ್ಲಿ ದಿನಕ್ಕೆ ಇಷ್ಟು ಜಿಬಿ ವೇಗವಾಗಿ, ಆಮೇಲೆ 128 ಕೆಬಿಪಿಎಸ್ಸಿನಂಥ ವೇಗ. 128 ಕೆಬಿಪಿಎಸ್ ಎಂದರೆ ಎಷ್ಟು? ಸೆಕೆಂಡಿಗೆ 16 ಕಿಲೋಬೈಟ್. ಒಂದು ಎಂಬಿ ಇಳಿಯಲು ಒಂದು ನಿಮಿಷದ ಮೇಲೆ ಬೇಕು. ಮೂರು ಎಂಬಿಯ ಒಂದು ಫೋಟೊ ಕಳಿಸಲು ಮೂರು ನಿಮಿಷಕ್ಕೂ ಜಾಸ್ತಿ. ಅಕ್ಷರದ ಮೆಸೇಜು ಹೋಗುತ್ತದೆ, ಆಡಿಯೊ ಕರೆ ಹೇಗೋ ನಡೆಯುತ್ತದೆ, ಮ್ಯಾಪು ಕುಂಟುತ್ತದೆ, ವಿಡಿಯೊ ಮರೆತುಬಿಡಿ. ಹಾಗಾಗಿ ‘ಅನ್‌ಲಿಮಿಟೆಡ್’ ಎಂಬ ಪದ ಕಂಡರೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ವೇಗದ್ದು ಎಷ್ಟು ಜಿಬಿ, ಆಮೇಲಿನ ವೇಗ ಎಷ್ಟು? ಉತ್ತರ ಇಲ್ಲದ ಪ್ಲಾನ್ ಕೊಳ್ಳುವುದಿಲ್ಲ.

ಎರಡು, ವೇಗ ಪರೀಕ್ಷೆ ಮಾಡಿದರೆ ನಂಬರು ಚೆನ್ನಾಗಿಯೇ ಬರುತ್ತದೆ, ಆದರೆ ಪ್ರತಿಯೊಂದು ಒತ್ತಿಗೂ ಒಂದು ಕ್ಷಣ ತಡ. ಕರೆಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ನಿಲ್ಲಿಸುತ್ತೀರಿ. ಇದು ದೂರದ ಸಮಸ್ಯೆ. ರೋಮಿಂಗ್‌ನಲ್ಲಿ ನಿಮ್ಮ ಡೇಟಾ ಸಾಮಾನ್ಯವಾಗಿ ಸಿಮ್ಮಿನ ಸ್ವಂತ ದೇಶಕ್ಕೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಇಳಿಯುತ್ತದೆ. ನೀವು ಎದುರಿನ ಬೀದಿಯ ಮ್ಯಾಪ್ ಕೇಳಿದರೂ ಆ ಪ್ರಶ್ನೆ ಸಮುದ್ರ ದಾಟಿ ಹೋಗಿ ಬರುತ್ತದೆ. ಪರೀಕ್ಷೆಯಲ್ಲಿ ‘ಪಿಂಗ್’ ಎಂಬ ನಂಬರು, ಅಂದರೆ ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ, 200, 300 ಮಿಲಿಸೆಕೆಂಡ್ ಎಂದು ತೋರಿಸಿದರೆ ಇದೇ ಕಾರಣ ಇರಬಹುದು. ಇದಕ್ಕೆ ಮದ್ದು ಸೆಟ್ಟಿಂಗ್ಸ್‌ನಲ್ಲಿಲ್ಲ. ದಿನವಿಡೀ ಆಫೀಸಿನ ವಿಡಿಯೊ ಮೀಟಿಂಗ್ ಇರುವವರು ಆ ದೇಶದ ಸ್ವಂತ ಸಿಮ್ ಕೊಳ್ಳುವುದು ವಾಸಿ. ಎರಡು ಮೂರು ದಿನ ಸುತ್ತಾಡಿ ಬರುವವರಿಗೆ ಈ ತಡ ಗೊತ್ತೂ ಆಗುವುದಿಲ್ಲ.

ಪರೀಕ್ಷೆ ಮಾಡುವಾಗ ನೆನಪಿರಲಿ, ಒಂದೊಂದು ವೇಗ ಪರೀಕ್ಷೆಯೂ ಹತ್ತಾರು, ಕೆಲವೊಮ್ಮೆ ನೂರಾರು ಎಂಬಿ ನುಂಗುತ್ತದೆ. ಒಂದು ಜಿಬಿಯ ಪ್ಲಾನಿನಲ್ಲಿ ಹತ್ತು ಸಲ ಪರೀಕ್ಷೆ ಮಾಡಿ ‘ಡೇಟಾ ಎಲ್ಲಿ ಹೋಯಿತು’ ಎಂದು ಕೇಳಿದವರನ್ನು ನೋಡಿದ್ದೇನೆ.

## ಲಕ್ಷಣ: ಏನೂ ನೋಡಿಲ್ಲ, ಪ್ಯಾಕ್ ಖಾಲಿ

ನೀವು ನೋಡಿಲ್ಲ, ಫೋನು ನೋಡಿದೆ. ದಿನವಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಅದು ರಾತ್ರಿ ಕೂತು ಮೇಲಕ್ಕೆ ಕಳಿಸುತ್ತದೆ. ಪ್ರವಾಸದಲ್ಲಿ ಫೋಟೊ ಜಾಸ್ತಿ ಬೇರೆ. ರೂಮಿನ ವೈ-ಫೈ ನಡುರಾತ್ರಿ ಕಡಿದುಹೋದರೆ ಸದ್ದಿಲ್ಲದೆ ಮೊಬೈಲ್ ಡೇಟಾ ಹಿಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪಟ್ಟಿ ತೆರೆಯಿರಿ. ಮೇಲಿನ ಎರಡು ಹೆಸರೇ ಕಳ್ಳರು. ಫೋಟೊ ಬ್ಯಾಕಪ್, ಆಪ್ ಅಪ್‌ಡೇಟ್ ಎರಡನ್ನೂ ‘ವೈ-ಫೈನಲ್ಲಿ ಮಾತ್ರ’ ಮಾಡಿ. ವಿಡಿಯೊ ತಾನಾಗಿ ಓಡುವುದನ್ನು ನಿಲ್ಲಿಸಿ. ಡೇಟಾ ಸೇವರ್ ಅಥವಾ ಲೋ ಡೇಟಾ ಮೋಡ್ ಹಾಕಿ.

ಎಷ್ಟು ಜಿಬಿ ಬೇಕು ಎಂಬ ಲೆಕ್ಕವೂ ಇಲ್ಲೇ ಸಿಗುತ್ತದೆ. ಮ್ಯಾಪು, ಮೆಸೇಜು ಕಡಿಮೆ ತಿನ್ನುತ್ತವೆ. ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ ಒಂದು ಜಿಬಿ ಹತ್ತಿರ, ಎಚ್‌ಡಿ ಆದರೆ ಮೂರು ಜಿಬಿ ತನಕ. ಅಂದರೆ ನೀವು ಎಷ್ಟು ದಿನ ಇರುತ್ತೀರಿ ಎಂಬುದಕ್ಕಿಂತ ಎಷ್ಟು ಗಂಟೆ ವಿಡಿಯೊ ನೋಡುತ್ತೀರಿ ಎಂಬುದು ಮುಖ್ಯ. ಊರಲ್ಲಿರುವಾಗ ತಿಂಗಳಿಗೆ ಮೊಬೈಲ್ ಡೇಟಾ ಎಷ್ಟು ಖರ್ಚಾಗುತ್ತದೆ ನೋಡಿ, ದಿನಕ್ಕೆ ಭಾಗಿಸಿ, ಅದರ ಮೇಲೆ ಸ್ವಲ್ಪ ಸೇರಿಸಿ. ಮ್ಯಾಪನ್ನು ಮೊದಲೇ ಆಫ್‌ಲೈನಿಗೆ ಇಳಿಸಿಕೊಂಡಿದ್ದರೆ, ಖಾಲಿಯಾದ ದಿನವೂ ರೂಮು ಸೇರುತ್ತೀರಿ.

## ಲಕ್ಷಣ: ನೆಟ್ ಸರಿ, ಒಟಿಪಿ ಬರುತ್ತಿಲ್ಲ

ಪ್ರಯಾಣದ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾಗೆ ಮಾತ್ರ. ಅವಕ್ಕೆ ಫೋನ್ ನಂಬರೇ ಇರುವುದಿಲ್ಲ. ಬ್ಯಾಂಕಿನ ಒಟಿಪಿ ಬರುವುದು ನಿಮ್ಮ ಹಳೆಯ ನಂಬರಿಗೆ. ಆ ಸಿಮ್ಮನ್ನು ತೆಗೆದು ಪರ್ಸಿನಲ್ಲಿಟ್ಟಿದ್ದರೆ ಒಟಿಪಿ ಬರುವುದು ಹೇಗೆ?

ಹಳೆಯ ಸಿಮ್ ಫೋನಿನಲ್ಲೇ ಆನ್ ಇರಲಿ, ಅದರ ಡೇಟಾ ರೋಮಿಂಗ್ ಆಫ್ ಇರಲಿ. ಆನ್ ಇದ್ದೂ ಬಾರದಿದ್ದರೆ ಅದರಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಸೌಲಭ್ಯ ಶುರು ಮಾಡಿಸಿಲ್ಲದೇ ಇರಬಹುದು. ಕೆಲವು ಕಂಪನಿಗಳಲ್ಲಿ ಇದನ್ನು ಹೊರಡುವ ಮೊದಲೇ ಮಾಡಿಸಬೇಕು. ಬೇರೆ ದೇಶದಲ್ಲಿ ನಿಂತು ಮಾಡಿಸಲು ಹೋದರೆ ಅದೂ ಒಟಿಪಿ ಕೇಳುತ್ತದೆ. ಒಳಬರುವ ಮೆಸೇಜಿಗೆ ಶುಲ್ಕ ಇದೆಯಾ ಎಂದೂ ಅವರನ್ನೇ ಕೇಳಿಟ್ಟುಕೊಳ್ಳಿ.

ವಾಟ್ಸಾಪ್ ಹಳೆಯ ನಂಬರಿನಲ್ಲೇ ಓಡುತ್ತದೆ. ಹೊಸ ಸಿಮ್ ಹಾಕಿದಾಗ ‘ನಂಬರ್ ಬದಲಿಸಬೇಕಾ’ ಎಂದು ಕೇಳಿದರೆ ಬೇಡ ಎನ್ನಿ.

## ಲಕ್ಷಣ: ಎಲ್ಲ ಸರಿ ಇತ್ತು, ಆಮೇಲೆ ಬಿಲ್ ಬಂತು

ಇದು ಮಾತ್ರ ನೋವು ಕೊಟ್ಟ ಮೇಲೆ ಗೊತ್ತಾಗುವ ರೋಗ. ಸಾಮಾನ್ಯ ಕಾರಣಗಳು ಹೀಗಿವೆ.

- ಹಡಗು ಮತ್ತು ವಿಮಾನ. ಕೆಲವು ಹಡಗುಗಳಲ್ಲಿ, ವಿಮಾನಗಳಲ್ಲಿ ಉಪಗ್ರಹದ ಮೂಲಕ ಓಡುವ ಸ್ವಂತ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಅದು ಯಾವ ದೇಶದ ಪ್ಲಾನಿಗೂ ಸಾಮಾನ್ಯವಾಗಿ ಸೇರಿರುವುದಿಲ್ಲ, ದರ ಮಾತ್ರ ಆಕಾಶದಲ್ಲಿರುತ್ತದೆ. ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈ-ಫೈ ಮಾತ್ರ ಆನ್ ಮಾಡಿ.
- ಗಡಿ. ಗಡಿಯ ಹತ್ತಿರ ಉಳಿದರೆ ಆಚೆ ದೇಶದ ಟವರು ಜೋರಾಗಿ ಸಿಕ್ಕಿ ಫೋನು ಅದಕ್ಕೆ ಅಂಟಿಕೊಳ್ಳುತ್ತದೆ. ನೆಟ್‌ವರ್ಕನ್ನು ಕೈಯಾರೆ ಆರಿಸಿ ಕಟ್ಟಿಹಾಕಿ.
- ಕಾಲ್ ಫಾರ್ವರ್ಡ್. ನೀವು ಎತ್ತದ ಕರೆ ಊರಿನ ವಾಯ್ಸ್‌ಮೇಲಿಗೆ ತಿರುಗುವಂತಿದ್ದರೆ, ಕರೆ ನಿಮ್ಮ ತನಕ ಬಂದದ್ದಕ್ಕೂ ವಾಪಸ್ ಹೋದದ್ದಕ್ಕೂ ದುಡ್ಡು ಬೀಳಬಹುದು. ಹೊರಡುವ ಮೊದಲು ರದ್ದು ಮಾಡಿ.

ಬಿಲ್ ಏರುತ್ತಿದೆ ಎಂಬ ಮೆಸೇಜು ಕಂಡರೆ ಕಾರಣ ಹುಡುಕುತ್ತಾ ಕೂರಬೇಡಿ. ಮೊದಲು ಏರೋಪ್ಲೇನ್ ಮೋಡ್, ಆಮೇಲೆ ವೈ-ಫೈ ಹಿಡಿದು ವಿಚಾರಣೆ.

## ಲಕ್ಷಣ: ಕೆಲವು ಆಪ್ ಮಾತ್ರ ಓಡುತ್ತಿಲ್ಲ

ಫೋನು ಸರಿಯಿದೆ, ಪ್ಲಾನೂ ಸರಿಯಿದೆ. ವಿಷಯ ನೀವು ಯಾವ ದೇಶದಿಂದ ಇಂಟರ್ನೆಟ್ಟಿಗೆ ಇಳಿಯುತ್ತಿದ್ದೀರಿ ಎಂಬುದು. ಚೀನಾದಲ್ಲಿ ಅಲ್ಲಿನ ಸಿಮ್ ಹಾಕಿದರೆ ಗೂಗಲ್, ವಾಟ್ಸಾಪ್ ಓಡುವುದಿಲ್ಲ. ಹೊರಗಿನ ಸಿಮ್ಮಿನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ಓಡುತ್ತವೆ, ಏಕೆಂದರೆ ಡೇಟಾ ಹೊರಗೆ ಹೋಗಿ ಇಂಟರ್ನೆಟ್ಟಿಗೆ ಇಳಿಯುತ್ತದೆ. ಮೇಲೆ ತಡ ಎಂದು ಬೈದ ಅದೇ ಸುತ್ತುದಾರಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಇದೇ ಕಾರಣಕ್ಕೆ ಬ್ಯಾಂಕಿನ ಆಪು ‘ನೀವು ಇನ್ನೆಲ್ಲೋ ಇದ್ದೀರಿ’ ಎಂದು ಬಾಗಿಲು ಹಾಕಬಹುದು. ಆಗ ಸಿಮ್ ಬದಲಿಸಿ ನೋಡಿ, ಪಾಸ್‌ವರ್ಡನ್ನು ಮತ್ತೆ ಮತ್ತೆ ತಪ್ಪಾಗಿ ಒತ್ತಿ ಖಾತೆ ಲಾಕ್ ಮಾಡಿಕೊಳ್ಳಬೇಡಿ.

ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಡಲು ಆಗುತ್ತಿಲ್ಲವೇ? ಕೆಲವು ಪ್ಲಾನುಗಳು ಅದನ್ನು ಬಿಡುವುದೇ ಇಲ್ಲ. ವಿವರದಲ್ಲಿ ‘ಟೆದರಿಂಗ್’ ಎಂಬ ಸಾಲು ಹುಡುಕಿ.

ತಿಂಗಳುಗಟ್ಟಲೆ ಇರುವವರಿಗೆ ಒಂದು ಮಾತು. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ, ನೋಂದಾಯಿಸದಿದ್ದಲ್ಲಿ 120 ದಿನಗಳ ನಂತರ ಆ ಫೋನು ಅಲ್ಲಿನ ಸಿಮ್‌ಗಳಲ್ಲಿ ನಿಲ್ಲುತ್ತದೆ. ದಿಢೀರನೆ ಸತ್ತ ಫೋನನ್ನು ರಿಪೇರಿಗೆ ಒಯ್ಯುವ ಮೊದಲು ಇಂಥ ನಿಯಮ ಇದೆಯಾ ನೋಡಿ.

## ಕೈಯಿಟ್ಟರೆ ಕೆಡುವ ಜಾಗಗಳು

ಸಿಮ್ ತಟ್ಟೆ ತೆಗೆಯುವಾಗ ಪಕ್ಕದಲ್ಲೇ ಮೈಕಿನ ತೂತೂ ಇರಬಹುದು. ಪಿನ್ ಚುಚ್ಚಬೇಕಾದ್ದು ತಟ್ಟೆಯ ಅಂಚಿನ ಗೆರೆಯೊಳಗಿನ ತೂತಿಗೆ. ಓಡುವ ಬಸ್ಸಿನಲ್ಲಿ ಈ ಕೆಲಸ ಬೇಡ. ಸೀಟಿನ ಸಂದಿಗೆ ಬಿದ್ದ ನ್ಯಾನೊ ಸಿಮ್ ಸಿಗುವುದು ಕಷ್ಟ.

ಅಲ್ಲಿ ಕೊಂಡ ಸಿಮ್ ಪಿನ್ ನಂಬರು ಕೇಳಿದರೆ, ಸಿಮ್ ಕಿತ್ತುಕೊಂಡ ಪ್ಲಾಸ್ಟಿಕ್ ಕಾರ್ಡಿನಲ್ಲಿ ಬರೆದಿರುತ್ತದೆ. ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಲಾಕ್ ಆದ ಸಿಮ್ ತೆರೆಯುವ ನಂಬರು, ಕೇಳುತ್ತದೆ. ಅದೂ ಹತ್ತು ಸಲ ತಪ್ಪಿದರೆ ಸಿಮ್ ಪೂರ್ತಿ ಹೋಯಿತು. ಆ ಪ್ಲಾಸ್ಟಿಕ್ಕನ್ನು ಕಸದ ಬುಟ್ಟಿಗೆ ಹಾಕದೆ ಇಟ್ಟುಕೊಳ್ಳಿ.

ತುರ್ತು ಕರೆಗೆ ಡೇಟಾ ಪ್ಲಾನನ್ನು ನಂಬಿ ಕೂರಬೇಡಿ. ಸಿಮ್ ಇಲ್ಲದೆಯೂ 112 ಹೋಗುತ್ತದೆ ಎಂಬ ಮಾತು ಎಲ್ಲ ಕಡೆ ನಿಜವಲ್ಲ. ಜರ್ಮನಿಯಲ್ಲಿ 2009ರಿಂದ ಸಿಮ್ ಬೇಕೇ ಬೇಕು. ಹೊಸದು ಓಡುವ ತನಕ ಹಳೆಯ ಸಿಮ್ ಫೋನಿನಲ್ಲೇ ಇರಲಿ. ಓಡುತ್ತದೆಯಾ ಎಂದು ನೋಡಲು ಸುಮ್ನೆ ಆ ನಂಬರಿಗೆ ಕರೆ ಮಾಡಬೇಡಿ.

## ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ರೋಮಿಂಗ್ ಗುಂಡಿ, ಡೇಟಾ ಸಿಮ್, ಎಪಿಎನ್, ಕೈಯಾರೆ ನೆಟ್‌ವರ್ಕ್, ಒಂದು ರೀಸ್ಟಾರ್ಟ್. ಇಷ್ಟು ಮಾಡಿಯೂ ಅರ್ಧ ಗಂಟೆಯಲ್ಲಿ ನೆಟ್ ಬರಲಿಲ್ಲ ಎಂದರೆ ಮುಂದಿನದು ನಿಮ್ಮ ಕೈಯಲ್ಲಿಲ್ಲ. ಯಾವುದಾದರೂ ವೈ-ಫೈ ಹಿಡಿದು ಪ್ಲಾನ್ ಮಾರಿದವರ ಚಾಟಿಗೆ ಬರೆಯಿರಿ. ‘ನೆಟ್ ಬರ್ತಿಲ್ಲ’ ಎಂದಷ್ಟೇ ಬರೆದರೆ ಮತ್ತೆ ಮೊದಲಿನಿಂದ ರೀಸ್ಟಾರ್ಟ್ ಮಾಡಿಸುತ್ತಾರೆ. ಎಷ್ಟು ಗಂಟೆಗೆ, ಯಾವ ಊರಲ್ಲಿ, ಯಾವ ಕಂಪನಿಯ ಟವರು ತೋರಿಸುತ್ತಿದೆ, ಎಪಿಎನ್ ಪುಟದ ಸ್ಕ್ರೀನ್‌ಶಾಟ್, ಸಿಮ್ಮಿನ ಗುರುತಿನ ಐಸಿಸಿಐಡಿ ನಂಬರು, ಇಷ್ಟನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿ. ಈ ನಂಬರುಗಳನ್ನು, ಕ್ಯೂಆರ್ ಕೋಡನ್ನು ಅವರ ಅಧಿಕೃತ ಚಾಟ್ ಬಿಟ್ಟು ಬೇರೆಲ್ಲೂ ಹಾಕಬೇಡಿ. ‘ಸಿಮ್ ಸರಿಮಾಡುತ್ತೇವೆ, ಒಟಿಪಿ ಹೇಳಿ’ ಎಂದು ಯಾರಾದರೂ ತಾವಾಗಿ ಕರೆ ಮಾಡಿದರೆ ಫೋನಿಟ್ಟುಬಿಡಿ.

ದುಡ್ಡು ವಾಪಸ್ ಕೇಳುವ ಯೋಚನೆ ಇದ್ದರೆ ಬೇಗ ಕೇಳಿ. ಡೇಟಾ ಸ್ವಲ್ಪವೂ ಬಳಕೆಯಾಗಿರದಿದ್ದರೆ ಮಾತ್ರ ವಾಪಸ್ ಕೊಡುವವರೇ ಹೆಚ್ಚು. ಅದು ಹೇಗೋ ನಡುರಾತ್ರಿ ಐದು ನಿಮಿಷ ಓಡಿ ಫೋಟೊ ಬ್ಯಾಕಪ್ ಎರಡು ಎಂಬಿ ನುಂಗಿದರೂ ‘ಬಳಸಿದ್ದೀರಲ್ಲ’ ಎನ್ನುತ್ತಾರೆ. ಆದ್ದರಿಂದ ದೂರು ಬರೆದ ಕೂಡಲೇ ಆ ಸಿಮ್ಮನ್ನು ಆಫ್ ಮಾಡಿ, ಉತ್ತರ ಬರುವ ತನಕ ಹಾಗೇ ಬಿಡಿ. ನೆನಪಿರಲಿ, ಆಫ್ ಮಾತ್ರ. ಡಿಲೀಟ್ ಅಲ್ಲ.